ಒಂಬತ್ತು ಮನೆಯ ಮೀನು, ಒಂದು ಬೆಕ್ಕು

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಸುಗಂಧಿ ಪರ್ಕಳದ ಒಂದು ಕಾಂಪೌಂಡ್ ಗೋಡೆಯ ಮೇಲೆ ಬೆರಳುದ್ದದ ಬೂತಾಯಿ ಮೀನೊಂದನ್ನು ಇಟ್ಟು, ಬೆಕ್ಕು ಅದಕ್ಕೆ ಬಾಯಿ ಹಾಕುವುದನ್ನು ಕಾಯುತ್ತಿದ್ದರು. ಬೆಕ್ಕು ಮೀನನ್ನು ಮೂಸಲಿಲ್ಲ. ಗದ್ದವನ್ನು ಎದೆಗೆ ಒತ್ತಿಕೊಂಡು ಕುಳಿತಿತ್ತು. ಏಳಲು ಹೋದಾಗ ಹಿಂಗಾಲು ಜಾರಿ ಗೋಡೆಯಿಂದ ಒಳಗೆ, ದಾಸವಾಳದ ಗಿಡದ ಮೇಲೆ ಬಿತ್ತು. ಬೀಳುವ ಬೆಕ್ಕು ಗಾಳಿಯಲ್ಲೇ ತಿರುಗಿ ಕಾಲೂರಬೇಕು. ಇದು ಬೆನ್ನಡಿಯಾಗಿಯೇ ಬಿದ್ದಿತು.

ಸುಗಂಧಿಗೆ ಐವತ್ನಾಲ್ಕು ವರ್ಷ. ಮನೆ ಕಾಪುವಿನಲ್ಲಿ. ಅವರ ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು, ಎರಡು ಬಸ್ಸು ಹತ್ತಿ ಇಳಿದು ಇದೇ ಬೀದಿಗೆ ಮೀನು ತರುತ್ತಿದ್ದರು. ಮಗಳು ತರುವುದು ಸ್ಕೂಟರಿನಲ್ಲಿ, ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ. ಐದು ಗಂಟೆಗೆ ಮಲ್ಪೆ ಬಂದರು, ಎಂಟು ಗಂಟೆಗೆ ಪರ್ಕಳ, ಸೋಮವಾರ ರಜೆ. ಇಪ್ಪತ್ತೆರಡು ವರ್ಷಗಳಿಂದ ಇದೇ ಕ್ರಮ. ತಕ್ಕಡಿ ಇಟ್ಟುಕೊಂಡವರಲ್ಲ. ಎಣಿಸಿ ಮಾರುತ್ತಾರೆ. ಎಣಿಕೆಯಲ್ಲಿ ಅವರು ತಪ್ಪಿದ್ದನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ.

ಆ ಬೀದಿಗೆ ಒಂದು ಪದ್ಧತಿಯಿತ್ತು. ಬೆಕ್ಕು ತಿಂದರೆ ಮೀನು ತಾಜಾ. ಪರೀಕ್ಷಕ ಮೊದಲ ಮನೆಯ ಬೆಕ್ಕು ಮಾಜು. ಅದನ್ನು ಸಾಕಿದವರು ಜೋಸ್ಲಿನ್, ಮಣಿಪಾಲದ ಒಂದು ಕಚೇರಿಯಲ್ಲಿ ಗುಮಾಸ್ತೆ. ಬೀದಿಯವರು ಮಾಜುವನ್ನು ಇನ್‌ಸ್ಪೆಕ್ಟರ್ ಎಂದು ಕರೆಯುತ್ತಿದ್ದರು. ಸುಗಂಧಿಗೂ ಅದು ಅನುಕೂಲವೇ. ತಾನು ಹತ್ತು ಮಾತು ಆಡುವುದಕ್ಕಿಂತ ಬೆಕ್ಕು ಒಮ್ಮೆ ಬಾಯಿ ಹಾಕಿದರೆ ಮೀನು ಬೇಗ ಖಾಲಿಯಾಗುತ್ತಿತ್ತು.

ಜೋಸ್ಲಿನ್ ಬಾಗಿಲು ಹಾಕಿ ಹೊರಬರುವಷ್ಟರಲ್ಲಿ ಸುಗಂಧಿ ಬೆಕ್ಕನ್ನು ಗಿಡದಿಂದ ಎತ್ತಿಕೊಂಡಿದ್ದರು. ಅದರ ಕಣ್ಣಿನ ಪಾಪೆಗಳು ಬಿಸಿಲಿನಲ್ಲೂ ಅಗಲವಾಗಿ ತೆರೆದಿದ್ದವು. ಎರಡು ದಿನದಿಂದ ಮಂಕಾಗಿತ್ತು, ಸೆಕೆಗೆ ಇರಬಹುದು ಎಂದುಕೊಂಡಿದ್ದೆ ಎಂದರು ಜೋಸ್ಲಿನ್. ಆಟೋ ಸಿಗಲಿಲ್ಲ. ಬಟ್ಟೆಯ ಬುಟ್ಟಿಯಲ್ಲಿ ಬೆಕ್ಕನ್ನು ಇಟ್ಟುಕೊಂಡು ಜೋಸ್ಲಿನ್ ಸ್ಕೂಟರಿನ ಹಿಂದೆ ಕುಳಿತರು. ಮೀನಿನ ಪೆಟ್ಟಿಗೆ ಅವರ ಬೆನ್ನಿಗೆ ತಾಗಿಕೊಂಡೇ ಇತ್ತು.

"ಸುಗಂಧಿಯಕ್ಕ, ನಿಮ್ಮ ವ್ಯಾಪಾರ?"

"ಮಂಜು ಉಂಟು, ಬಾಯಮ್ಮ. ಮೀನು ಒಂದು ಗಂಟೆ ಕಾಯ್ತದೆ. ಇದು ಕಾಯುವ ಹಾಗೆ ಕಾಣುವುದಿಲ್ಲ."

ಸಾಕುಪ್ರಾಣಿಗಳ ಕ್ಲಿನಿಕ್ ನಡೆಸುವವರು ಡಾಕ್ಟರ್ ಭವ್ಯಶ್ರೀ. ಊರು ಕುಕ್ಕುಂದೂರು, ಮಾತು ಕಡಿಮೆ. ಬೆಕ್ಕಿನ ತೂಕ ಮೂರೂವರೆ ಕಿಲೋ. ಜ್ವರವಿಲ್ಲ, ಕಿವಿಯಲ್ಲಿ ತೊಂದರೆಯಿಲ್ಲ, ಬಿದ್ದ ಗಾಯವಿಲ್ಲ. ಪರೀಕ್ಷೆ ಮಾಡುತ್ತಿರುವಾಗಲೇ ಅದಕ್ಕೆ ಒಮ್ಮೆ ಸೆಳೆತ ಬಂತು. ಹೀಗೆಯೇ ಮುಂದುವರಿದರೆ ಸಂಜೆಯವರೆಗೆ ಉಳಿಯುವುದು ಕಷ್ಟ ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿ, ಆಹಾರದ ಬಗ್ಗೆ ಕೇಳಿದರು.

ಜೋಸ್ಲಿನ್ ಕ್ರಮವಾಗಿ ಹೇಳಿದರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹಿಂದಿನ ಜಗಲಿಯಲ್ಲಿ ಬೆಕ್ಕಿನ ಪ್ಯಾಕೆಟ್ ಆಹಾರ ಒಂದು ಬಟ್ಟಲು. ಅದರ ಮೇಲೆ ಬಿ ವಿಟಮಿನ್ ಸಿರಪ್ ಐದು ಹನಿ, ಮೀನೆಣ್ಣೆಯ ಒಂದು ಕ್ಯಾಪ್ಸೂಲ್ ಚುಚ್ಚಿ ಹಿಂಡುವುದು. ಸಂಜೆ ಬಂದಾಗ ಬಟ್ಟಲು ಖಾಲಿ. ಮೀನು ದಿನಕ್ಕೆ ಒಂದು ಬೂತಾಯಿ, ಅದೂ ಬೆರಳಿನಷ್ಟು. ಇದರಲ್ಲಿ ಸುಳ್ಳಿರಲಿಲ್ಲ. ಅವರು ಕಂಡದ್ದು ಒಂದೇ.

ಡಾಕ್ಟರ್ ಮೊದಲು ಅನುಮಾನಿಸಿದ್ದು ಒಂದು ವಿಟಮಿನ್ನಿನ ಕೊರತೆಯನ್ನು. ಆದರೆ ಇಷ್ಟು ಚೆನ್ನಾಗಿ ತಿನ್ನುವ ಬೆಕ್ಕಿಗೆ ಆ ಕೊರತೆ ಬರುವ ಸಂಭವ ಕಡಿಮೆ. ಅದನ್ನು ಬದಿಗಿಟ್ಟು, ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದೀರಾ, ಅಕ್ಕಪಕ್ಕದಲ್ಲಿ ಗಿಡಕ್ಕೆ ಔಷಧಿ ಹೊಡೆದಿದ್ದಾರಾ ಎಂದು ಕೇಳತೊಡಗಿದರು.

ಮೀನಿನ ವಾಸನೆಯ ಸಂಕೋಚದಿಂದ ಸುಗಂಧಿ ಬಾಗಿಲ ಹೊರಗೇ ನಿಂತಿದ್ದರು. ಅಲ್ಲಿಂದಲೇ ಹೇಳಿದರು: "ಡಾಕ್ಟ್ರೇ, ಒಂದಲ್ಲ. ಒಂಬತ್ತು."

ಇಬ್ಬರೂ ತಿರುಗಿ ನೋಡಿದರು.

"ಬಾಯಮ್ಮನಿಗೆ ಗೊತ್ತಿಲ್ಲ. ಅವರ ಎದುರು ಹಾಕುವುದು ಒಂದೇ. ಆಮೇಲೆ ಎರಡನೇ ಮನೆಯವರು ಬರ್ತಾರೆ, ಅವರಿಗೂ ಕಣ್ಣಾರೆ ಕಾಣಬೇಕು. ಮೂರನೆಯವರಿಗೂ ಹಾಗೇ. ಒಂಬತ್ತು ಮನೆ, ಒಂಬತ್ತು ಮೀನು."

ಬೂತಾಯಿಗಿಂತ ದೊಡ್ಡ ಬಂಗುಡೆ ಬರುತ್ತಿದ್ದ ದಿನಗಳಲ್ಲಿ ಬಾಲದ ಕಡೆಯಿಂದ ಉಗುರಿನಷ್ಟು ಕತ್ತರಿಸಿ ಹಾಕುತ್ತಿದ್ದರಂತೆ. ಐದು ವಾರದಿಂದ ಬರೀ ಸಣ್ಣ ಬೂತಾಯಿ. ಅದನ್ನು ಕತ್ತರಿಸುವುದೇನು ಎಂದು ಇಡೀ ಮೀನನ್ನೇ ಹಾಕಿದರು. ಹಸಿಯಾ ಎಂದು ಡಾಕ್ಟರ್ ಕೇಳಿದರು. ಹಸಿ ಎಂದರು ಸುಗಂಧಿ. ಬೇಯಿಸಿದರೆ ತಾಜಾ ಹೌದೋ ಅಲ್ಲವೋ ತಿಳಿಯುವುದು ಹೇಗೆ?

ಡಾಕ್ಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಒಂದು ಮೀನು ಇಪ್ಪತ್ತು ಗ್ರಾಂ ಎಂದರೂ ನೂರ ಎಂಬತ್ತು ಗ್ರಾಂ. ಮೂರೂವರೆ ಕಿಲೋ ಬೆಕ್ಕಿನ ಹೊಟ್ಟೆ ತುಂಬಲು ಅಷ್ಟು ಸಾಕು. ಅಷ್ಟು ತಿಂದ ಮೇಲೆ ಅದು ಪ್ಯಾಕೆಟ್ ಆಹಾರ ಮುಟ್ಟುವುದಿಲ್ಲ, ಸಿರಪ್ಪೂ ಒಳಗೆ ಹೋಗುವುದಿಲ್ಲ. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ ಒಂದು ವಿಟಮಿನ್ನನ್ನು ಒಡೆದುಹಾಕುವ ಅಂಶವಿರುತ್ತದೆ. ಬೇಯಿಸಿದರೆ ಅದು ನಾಶವಾಗುತ್ತದೆ. ವಾರಗಟ್ಟಲೆ ಹಸಿಯನ್ನೇ ತಿಂದ ಬೆಕ್ಕಿಗೆ ಮೊದಲು ಹಸಿವು ಹೋಗುತ್ತದೆ, ಆಮೇಲೆ ಕತ್ತು ಬಾಗುತ್ತದೆ, ಕಾಲು ತಪ್ಪುತ್ತದೆ, ಕೊನೆಗೆ ಸೆಳೆತ. ಇದನ್ನೆಲ್ಲ ವಿವರಿಸುತ್ತಲೇ ಅವರು ಬಿ ಒಂದರ ಇಂಜೆಕ್ಷನ್ ಕೊಟ್ಟು ಮುಗಿಸಿದ್ದರು.

ಜೋಸ್ಲಿನ್ ಕೇಳಿದ್ದು ಇಷ್ಟೇ: "ಹಾಗಾದರೆ ಬಟ್ಟಲು ಖಾಲಿ ಮಾಡ್ತಿದ್ದದ್ದು ಯಾರು?"

ಉತ್ತರ ಸಿಕ್ಕಿದ್ದು ಆದಿತ್ಯವಾರ, ಅವರು ಇಗರ್ಜಿಯಿಂದ ಬಂದು ಹಿಂದಿನ ಜಗಲಿಯ ಕಿಟಕಿಯಲ್ಲಿ ಕಾದು ಕುಳಿತಾಗ. ಎರಡು ಕಾಗೆ, ಪಕ್ಕದ ಮನೆಯ ಒಂದು ಹೇಂಟೆ. ಅಷ್ಟೂ ದಿನದ ಮೀನೆಣ್ಣೆ ತಿಂದ ಹೇಂಟೆಯ ಪುಕ್ಕ ಮಿರಮಿರ ಮಿಂಚುತ್ತಿತ್ತು.

ಮಾಜು ಇಂಜೆಕ್ಷನ್ ಕೊಟ್ಟ ದಿನ ಸಂಜೆಯೇ ಕತ್ತು ಎತ್ತಿತು. ಮೂರನೆಯ ದಿನ ನಡೆಯಿತು, ಸ್ವಲ್ಪ ಓಲಾಡುತ್ತ. ಇಂಜೆಕ್ಷನ್ ನಂತರ ಮಾತ್ರೆ, ಎರಡು ವಾರ. ಇನ್ನು ಪ್ಯಾಕೆಟ್ ಆಹಾರವೇ ಮುಖ್ಯ, ಅದರಲ್ಲಿ ಬೇಕಾದದ್ದೆಲ್ಲ ಇದೆ, ತಿಂದರೆ ಸಿರಪ್ಪೂ ಬೇಡ ಎಣ್ಣೆಯೂ ಬೇಡ ಎಂದರು ಡಾಕ್ಟರ್. ಮೀನು ಬೇಯಿಸಿ, ಮುಳ್ಳು ತೆಗೆದು, ಅಪರೂಪಕ್ಕೆ ಸ್ವಲ್ಪ. ಸ್ವಲ್ಪ ಎನ್ನುವ ಮಾತನ್ನು ಸುಗಂಧಿ ಒಪ್ಪಲಿಲ್ಲ. ಎಣಿಸಿ ಹೇಳಿ ಎಂದು ಪಟ್ಟು ಹಿಡಿದು, ವಾರಕ್ಕೆ ಎರಡು ಎಂದು ಡಾಕ್ಟರ ಬಾಯಿಂದಲೇ ಹೇಳಿಸಿದರು.

ಮರುವಾರ ಬೀದಿಯಲ್ಲಿ ಮಾಜು ಗೋಡೆ ಹತ್ತಿ ಕೂಗುತ್ತಿತ್ತು. ಸುಗಂಧಿ ಅದರ ಕಡೆ ತಿರುಗದೆ ಪೆಟ್ಟಿಗೆ ತೆರೆದರು. ಬಾಕಿ ಎಂಟು ಮನೆಯ ಹೆಂಗಸರು ಸುತ್ತ ನಿಂತಿದ್ದರು. ಯಾರೂ ಕೈ ಚಾಚಲಿಲ್ಲ. ಬಾಡಿಗೆ ಮನೆಯ ಆಶ್ರಿತಾ, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ನಗುತ್ತ ಕೇಳಿದಳು: "ಎಂತ ಅಕ್ಕ, ಇನ್‌ಸ್ಪೆಕ್ಟರಿಗೆ ಸಸ್ಪೆಂಡಾ? ಒಂದು ಹಾಕಿ ಮಾರಾಯ್ರೆ, ಒಂದರಿಂದ ಎಂತ ಆಗ್ತದೆ?"

"ನೀವು ಒಂಬತ್ತು ಮನೆಯವರೂ ಅದನ್ನೇ ಹೇಳುವುದು, ಅಲ್ವಾ?" ಎಂದರು ಸುಗಂಧಿ.

ಆಶ್ರಿತಾ ಬಿಡಲಿಲ್ಲ. ಹಾಗಾದರೆ ತಾಜಾ ಎಂದು ನಂಬುವುದು ಹೇಗೆ ಎಂದಳು. ಅಂದು ಸುಗಂಧಿಗೆ ಇದ್ದ ದಾರಿ ಎರಡೇ. ಮೀನು ಮಾರುವವರೆಲ್ಲ ಹೇಳುವಂತೆ ಈಗಷ್ಟೇ ದೋಣಿಯಿಂದ ಇಳಿದದ್ದು ಎನ್ನಬಹುದಿತ್ತು, ಇಲ್ಲವೇ ಇದ್ದದ್ದನ್ನು ಎಣಿಸಿ ಹೇಳಬಹುದಿತ್ತು. ಅವರು ಕೈಗಡಿಯಾರ ನೋಡಿದರು, ಎಂಟೂ ಹತ್ತು. ಬಲೆ ಎಳೆದದ್ದು ನಿನ್ನೆ ಸಂಜೆ ಆರೂ ಹತ್ತಕ್ಕೆ ಎಂದು ದೋಣಿಯವರಿಂದ ಕೇಳಿಕೊಂಡು ಬಂದಿದ್ದರು. ಎಲ್ಲರಿಗೂ ಕೇಳುವಂತೆ, ಒಂದೇ ಸಲ ಹೇಳಿದರು:

"ಹಿಡಿದು ಹದಿನಾಲ್ಕು ಗಂಟೆ."