ರಾಹುಕಾಲ ಕಳೆದ ಮೇಲೆ ಹೊರಟ ಹಾಯಿದೋಣಿ

ನನ್ನ ಹೆಂಡತಿಯ ಅಕ್ಕನ ಗಂಡನಿಗೆ, ಅಂದರೆ ನಮ್ಮ ಭಾವನಿಗೆ, ಹಾಯಿದೋಣಿಯ ಹುಚ್ಚು ಹಿಡಿದದ್ದು ಕೋವಿಡ್ ಕಾಲದಲ್ಲಿ. ಅವರ ಊರಾದ ಜಾನ್ಸ್ ಕ್ರೀಕ್‌ನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕೂತು ಬೇಸತ್ತು, ದಕ್ಷಿಣ ಕೆರೊಲಿನಾದ ಕರಾವಳಿಯಲ್ಲಿ ಯಾರೋ ಮಾರುತ್ತಿದ್ದ ಹಳೆಯ ದೋಣಿಯನ್ನು ಕೊಂಡುಬಿಟ್ಟರು. ಮಡಚುವ ಸೈಕಲ್ ಎರಡನ್ನು ಅದರಲ್ಲಿ ಹೇರಿಕೊಂಡು ಸೇತುವೆಯಿಲ್ಲದ ದ್ವೀಪಗಳನ್ನು ಸುತ್ತುವುದೇ ಅವರ ರಜೆ. ನಾನಿರುವ ಹರ್ನ್‌ಡನ್‌ನಿಂದ ಒಂದು ಹಗಲೆಲ್ಲ ಡ್ರೈವ್ ಮಾಡಿ ಬಂದು ಎರಡನೆಯ ಸೈಕಲ್ ತುಳಿಯುವುದು ನನ್ನ ಪಾಲಿನ ಕೆಲಸ.

ಆಮೇಲೆ ಭಾವನ ಹೃದಯಕ್ಕೆ ಸ್ಟೆಂಟ್ ಹಾಕಿದರು. ದೋಣಿ ಒಂದು ವರ್ಷ ಕಟ್ಟಿದಲ್ಲೇ ಇತ್ತು. ಡಾಕ್ಟರು ಹೋಗಬಹುದು ಎಂದ ಮೇಲೂ ಅತ್ತಿಗೆ ಸುಲಭಕ್ಕೆ ಒಪ್ಪಲಿಲ್ಲ.

"ಇದೊಂದು ಸಲ ನೋಡ್ತೀನಿ ರೀ. ಹೇಳಿದ ಹೊತ್ತಿಗೆ ಬಂದ್ರೆ ಸರಿ. ಇಲ್ಲಾಂದ್ರೆ ದೋಣಿ ಮಾರಿಬಿಡೋದೇ. ಕೂತ್ಕೊಂಡು ದಾರಿ ಕಾಯೋದು ಇನ್ನು ನನ್ನ ಕೈಲಾಗಲ್ಲ."

ಆಸ್ಪತ್ರೆಯ ಕುರ್ಚಿಯಲ್ಲಿ ಎರಡು ದಿನ ಕೂತು ಬಂದವರ ಮಾತು ಅದು. ನಾವಿಬ್ಬರೂ ತಲೆ ಆಡಿಸಿದೆವು. ಅತ್ತಿಗೆಯೂ ಜೊತೆಗೆ ಬಂದು, ದಡದ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಉಳಿದರು.

ಶುಕ್ರವಾರ ಗಾಳಿ ಚೆನ್ನಾಗಿತ್ತು. ಮಧ್ಯಾಹ್ನದ ಹೊತ್ತಿಗೆ ದ್ವೀಪ ಮುಟ್ಟಿ ಸೈಕಲ್ ಬಿಡಿಸಿದೆವು. ಟಾರು ಕಾಣದ ಮರಳುದಾರಿ. ಮೇಲೆ ಓಕ್ ಮರಗಳಿಂದ ಮುದುಕರ ಗಡ್ಡದ ಹಾಗೆ ಜೋತುಬಿದ್ದ ಬೂದುಬಣ್ಣದ ಪಾಚಿ. ಭಾವ ಮೊದಲು ಹೆದರಿ ಹೆದರಿ ತುಳಿದರು. ಒಂದು ಮೈಲಿ ಕಳೆದ ಮೇಲೆ ಸೀಟಿನಿಂದ ಎದ್ದು ನಿಂತು ತುಳಿಯತೊಡಗಿದರು. "ಭಾವ, ನಿಧಾನ!" ಎಂದರೆ, "ನೀನು ಯಾವಾಗ ನಿಮ್ಮತ್ತಿಗೆ ಆದೆ?" ಎಂದು ಬೆಲ್ ಬಾರಿಸಿದರು. ದೋಣಿ ಕಟ್ಟುವ ಕಟ್ಟೆಯ ಬಳಿ ಏಡಿ ಹಿಡಿಯುತ್ತಿದ್ದ ಆ ದ್ವೀಪದ ಅಜ್ಜಿಯೊಬ್ಬರು ನಮ್ಮ ದೋಣಿಯನ್ನು ನೋಡಿ, ನಾಳೆ ಒಂಬತ್ತಕ್ಕೆ ನೀರು ತುಂಬಿರುತ್ತದೆ, ಆಗಲೇ ಹೊರಡಿ, ಕಾಲುವೆಯ ಬಾಯಲ್ಲಿ ಮರಳಿದೆ ಎಂದು ಎರಡೆರಡು ಸಲ ಹೇಳಿದರು.

ಶನಿವಾರ ಬೆಳಿಗ್ಗೆ ಲಂಗರು ಎತ್ತುವ ಹೊತ್ತಿಗೆ ಅತ್ತಿಗೆಯ ಫೋನ್ ಬಂತು.

"ರೀ, ಒಂಬತ್ತರಿಂದ ಹತ್ತೂವರೆ ರಾಹುಕಾಲ. ಕಳೀಲಿ, ಆಮೇಲೆ ಹೊರಡಿ."

ಭಾವ ನೀರನ್ನು ನೋಡಿದರು, ನನ್ನನ್ನು ನೋಡಿದರು. "ಆಯ್ತು ಕಣೇ" ಎಂದರು.

"ಭಾವ, ಅದು ಬೆಂಗಳೂರಿನ ರಾಹುಕಾಲಾನೋ ಇಲ್ಲೀದೋ?"

"ಅವಳದು. ಒಂದೂವರೆ ಗಂಟೇಲಿ ಎಷ್ಟು ಇಳಿಯುತ್ತೆ ಮಹಾ? ಸ್ಟವ್ ಹಚ್ಚು, ಕಾಫಿ ಕುಡಿಯೋಣ."

ಹತ್ತೂವರೆಗೆ ಹೊರಟೆವು. ಹನ್ನೆರಡಕ್ಕೆ ಕಾಲುವೆಯ ಬಾಯಲ್ಲಿ ದೋಣಿ ಒಮ್ಮೆ ನಿಟ್ಟುಸಿರಿಟ್ಟ ಹಾಗಾಗಿ ನಿಂತೇಬಿಟ್ಟಿತು. ನೀರು ಇಳಿಯುತ್ತ ಹೋದ ಹಾಗೆ ದೋಣಿ ಒಂದು ಮಗ್ಗುಲಿಗೆ ವಾಲಿತು. ಕಟ್ಟಿದ್ದ ಸೈಕಲ್‌ಗಳೂ ಅದರ ಜೊತೆ ವಾಲಿದವು. ಸಂಜೆ ಆರರವರೆಗೆ ನೀರು ಬರುವಂತಿರಲಿಲ್ಲ. ನಾವು ಅತ್ತಿಗೆಗೆ ಮೂರಕ್ಕೆ ಬರುತ್ತೇವೆಂದು ಮಾತು ಕೊಟ್ಟವರು.

"ಗಾಳಿ ಬಿದ್ದುಹೋಯ್ತು ಅಂದ್ಬಿಡೋಣ ಭಾವ. ಗಾಳಿ ನಮ್ಮ ಕೈಲಿಲ್ವಲ್ಲ."

"ಸುಳ್ಳು ಹೇಳಿ ಉಳಿಸ್ಕೊಂಡ ದೋಣೀಲಿ ಹಾಯಾಗಿ ಕೂರಕ್ಕಾಗುತ್ತೇನೋ?" ಎಂದು ಭಾವನೇ ಫೋನ್ ಮಾಡಿದರು. "ಮರಳಿಗೆ ಸಿಕ್ಕೊಂಡಿದೀವಿ ಕಣೇ. ಅಪಾಯ ಏನಿಲ್ಲ. ಬರೋದು ಏಳೂವರೆ ಆಗುತ್ತೆ. ನನ್ನ ಲೆಕ್ಕ ತಪ್ಪಿತು." ರಾಹುಕಾಲದ ಸುದ್ದಿಯನ್ನೇ ಎತ್ತಲಿಲ್ಲ.

ಆ ಕಡೆಯಿಂದ ಅತ್ತಿಗೆ ಕೇಳಿದ್ದು ಒಂದೇ, "ಮಾತ್ರೆ ತಗೊಂಡ್ರಾ?"

ಆರು ಗಂಟೆ ಹೊತ್ತು ಓರೆಯಾಗಿ ಕೂತು ಚಪಾತಿ, ಚಟ್ನಿಪುಡಿ ತಿಂದೆವು. ಭಾವ ಹಾಯಿಯ ಹಗ್ಗವನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. "ಕೊಳ್ಳೋರು ಯಾರಾದ್ರೂ ಚೆನ್ನಾಗಿ ನೋಡ್ಕೊಳ್ಳೋರಾಗಿರಲಿ" ಎಂದರು ಒಮ್ಮೆ. ನಾನು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ. ಆರೂಕಾಲಕ್ಕೆ ದೋಣಿ ತಾನಾಗಿಯೇ ನೆಟ್ಟಗಾಯಿತು.

ಅತ್ತಿಗೆ ದಡದ ಊರಿನ ಕಟ್ಟೆಯ ತುದಿಯಲ್ಲೇ ನಿಂತಿದ್ದರು. ಮೊದಲು ಭಾವನ ಮುಖವನ್ನು ಚೆನ್ನಾಗಿ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

"ಒಂಬತ್ತಕ್ಕೆ ಹೊರಟಿದ್ರೆ ಸಿಕ್ಕೊಳ್ತಿತ್ತಾ? ನಿಜ ಹೇಳಿ."

ನಾನು ಚಪ್ಪಲಿಯ ಕೆಸರು ನೋಡುತ್ತ ನಿಂತೆ. ಭಾವನೇ, "ಅವನನ್ನ ಯಾಕೆ ಕೇಳ್ತೀಯ? ತಪ್ಪು ನಂದು. ನೀರು ಇಳಿಯುತ್ತೆ ಅಂತ ಗೊತ್ತಿತ್ತು" ಎಂದರು.

"ಗೊತ್ತಿದ್ರೆ ನಂಗೊಂದು ಮಾತು ಹೇಳಕ್ಕೇನಾಗಿತ್ತು?"

"ನಿಂಗೆ ಭಯ ಆಗುತ್ತೆ ಅಂತ."

"ಹೇಳ್ದೇ ಇದ್ರೇನೇ ರೀ ನಂಗೆ ಭಯ. ಎದೆನೋವಲ್ಲೂ ಹೀಗೇ ಮಾಡಿದ್ರಿ" ಎಂದು ಅತ್ತಿಗೆ ಅವರ ಕೈಯಿಂದ ದೋಣಿ ಕಟ್ಟುವ ಹಗ್ಗ ಕಿತ್ತುಕೊಂಡರು. ಕಿತ್ತುಕೊಂಡ ಹಗ್ಗ ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದು ನಿಂತರು. ಭಾವ ಅವರ ಪಕ್ಕಕ್ಕೆ ಹೋಗಿ ಗಂಟು ಹಾಕುವುದನ್ನು ತೋರಿಸಿದರು.

ದೋಣಿ ಮಾರಲಿಲ್ಲ. ಜಾನ್ಸ್ ಕ್ರೀಕ್‌ನ ಫ್ರಿಜ್ಜಿನ ಮೇಲೆ ದೇವಸ್ಥಾನದವರು ಕೊಟ್ಟ ಕ್ಯಾಲೆಂಡರಿನ ಪಕ್ಕ ಈಗ ಸಮುದ್ರದ ಉಬ್ಬರ ಇಳಿತದ ಪಟ್ಟಿ ಅಂಟಿದೆ. ಎರಡೂ ಜಗಳವಾಡದ ದಿನಗಳಿಗೆ ಅತ್ತಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಡುತ್ತಾರೆ. ಮೊನ್ನೆ ಅವರಿಂದಲೇ ನನಗೆ ಮೆಸೇಜ್ ಬಂತು: "ಭಾನುವಾರ ಎಂಟೂಕಾಲಿಗೆ ನೀರು ತುಂಬುತ್ತೆ, ರಾಹುಕಾಲ ಸಂಜೆಗೆ. ಸೈಕಲ್ಲಿಗೆ ಗಾಳಿ ಹೊಡೆಸಿದೀನಿ, ಬನ್ನಿ."