ಯೊರುನ್ ಕೊಡದೆ ಹೋದ ಉತ್ತರ

ನಮ್ಮ ಕುಳ್ಳರ ಕುಲದಲ್ಲಿ ಮದುವೆ ಆಗುವುದು ಬಂಡೆಯ ಮುಂದೆ. ಒಂದು ಕಡೆ ಹೆಣ್ಣು, ಆಚೆ ಕಡೆ ಗಂಡು, ನಡುವೆ ಕಲ್ಲು. ಒಬ್ಬರು ಸುತ್ತಿಗೆಯಿಂದ ಬಡಿದರೆ ಇನ್ನೊಬ್ಬರು ಉತ್ತರ ಬಡಿಯಬೇಕು. ಆ ಬಡಿತ ಸಾಯುವ ತನಕ ಅವರಿಬ್ಬರದೇ. ಯೊರುನ್ ಮತ್ತು ಬೆರ್ಸಿಯ ಮದುವೆಯಲ್ಲಿ ಮದುಮಗ ಬೆರ್ಸಿ ಹೊಡೆದ ಕೊನೆಯ ಏಟಿಗೆ ಊಟದ ತಟ್ಟೆಗಳೆಲ್ಲ ಕುಣಿದವು. ಗಣಿಯ ಅಡುಗೆಯವಳು ನಾನು, ಸುಮ್ಮನಿರಲಾಗಲಿಲ್ಲ.

"ಏ ಬೆರ್ಸಿ, ಮದುವೆ ಆಗ್ತಿದ್ದೀಯೋ, ಗುಡ್ಡ ಒಡೀತಿದ್ದೀಯೋ?"

"ನಿನ್ನ ರೊಟ್ಟಿ ಮುರಿದೂ ಮುರಿದೂ ಕೈ ಹಿಂಗಾಗಿದೆ ಅಕ್ಕಾ," ಎಂದಿತು ಮುಂಡೇದು.

ಆಮೇಲೆ ಈ ಹಾಳು ಗ್ರಹಕ್ಕೆ ಬಂದೆವು. ನಮ್ಮ ಬೆಟ್ಟಗಳ ಹೊಟ್ಟೆ ಬರಿದಾಗಿತ್ತು. ನೀಲಿ ಅದಿರು ಇರುವುದು ಇಲ್ಲಿ ಮಾತ್ರ. ಹೊರಗೆ ಮುಖವಾಡ ತೆಗೆದರೆ ಗಾಳಿಯೇ ಎದೆ ಸುಡುತ್ತದೆ. ಒಳಗೆ ಅಣಕುಹುಳು. ಎತ್ತಿನ ಗಾತ್ರದ್ದು, ಕಲ್ಲು ಕೊರೆದುಕೊಂಡು ಬರುತ್ತದೆ. ನಮ್ಮ ಬಡಿತವನ್ನೇ ಕಲಿತು ತಿರುಗಿ ಬಡಿಯುತ್ತದೆ. ಸಿಕ್ಕಿಬಿದ್ದವರು ಬಡಿದರೆ ಅಗೆಯದೆ ಸುಮ್ಮನಿರುವ ಕುಳ್ಳ ಇನ್ನೂ ಹುಟ್ಟಿಲ್ಲ. ಹಾಗೆ ಅಗೆಯಲು ಹೋದವರು ಎಷ್ಟೋ ಮಂದಿ ಅದರ ಬಾಯಿಗೆ ಬಿದ್ದರು.

ಯೊರುನಳ ಕಿವಿ ನಮ್ಮನ್ನು ಉಳಿಸಿತು. ಹುಳು ಎಲ್ಲವನ್ನೂ ಅಣಕಿಸಿದರೂ ಕೊನೆಯ ಏಟು ಮಾತ್ರ ಮೆತ್ತಗೆ ಬೀಳುತ್ತದೆ ಎಂದು ಗುರುತಿಸಿದವಳು ಅವಳೇ. ಅಂದಿನಿಂದ ಬಡಿತ ಕೇಳಿದರೆ ಗಣಿಯೆಲ್ಲ ಅವಳ ಮುಖ ನೋಡುತ್ತಿತ್ತು. "ನಮ್ಮೋರು" ಎಂದರೆ ಅಗೆಯುವುದು. "ಹುಳ" ಎಂದರೆ ಸುರಂಗಕ್ಕೆ ಕಲ್ಲು ತುಂಬಿ ಮುಚ್ಚುವುದು.

ಬೆರ್ಸಿಯಿದ್ದ ಸುರಂಗ ಕುಸಿದ ದಿನ ಗಂಜಿಯನ್ನು ಒಲೆಯ ಮೇಲೆಯೇ ಬಿಟ್ಟು ಓಡಿದೆ. ಬಡಿತ ಕೇಳಿಸುತ್ತಿತ್ತು, ಅವರ ಮದುವೆಯ ಬಡಿತವೇ. ಯೊರುನ್ ಗೋಡೆಗೆ ಕಿವಿಯಿಟ್ಟಳು. ಕೊನೆಯ ಏಟು ಮೆತ್ತಗೆ ಬಿತ್ತು. ಮತ್ತೆ ಕೇಳಿದಳು. ಮತ್ತೆ ಮೆತ್ತಗೆ.

"ಹೇಳೇ ತಾಯಿ," ಮೇಸ್ತ್ರಿ ಉಲ್ಫಾರ್ ಅಂಗಲಾಚಿದ. "ನೀನು ಹೂಂ ಅಂದ್ರೆ ಎಲ್ರೂ ಅಗೀತೀವಿ. ಆಗಿದ್ದಾಗ್ಲಿ."

"ಬೇಡ ಮೇಸ್ತ್ರಿ, ನಿಮಗೂ ಹೆಂಡ್ತಿ ಮಕ್ಕಳಿದ್ದಾರೆ. ಅದು ಹುಳ. ನನ್ನ ಗಂಡನ ಏಟು ನಂಗೊತ್ತಿಲ್ವಾ?"

ಮೊದಲ ಕಲ್ಲನ್ನು ಅವಳೇ ಇಟ್ಟಳು.

ಮುಂದಿನ ಚಳಿಗಾಲದಲ್ಲಿ ಬೇರೆ ದಿಕ್ಕಿನಿಂದ ಅಗೆಯುತ್ತಿದ್ದವರಿಗೆ ಬೆರ್ಸಿಯ ಹೆಣ ಸಿಕ್ಕಿತು. ಹುಳು ಅವನನ್ನು ಮುಟ್ಟಿರಲಿಲ್ಲ. ಬಲಗೈ ಬಂಡೆಯಡಿ ಜಜ್ಜಿಹೋಗಿತ್ತು. ಸುತ್ತಿಗೆ ಎಡಗೈಯಲ್ಲಿತ್ತು.

ಅವಳಿಗೆ ಹೇಳುವವರು ಯಾರು? ಥೂ, ಅದೂ ನನ್ನ ಹಣೆಗೇ ಬಂತು. ಹೇಳಿದೆ. "ಎಡಗೈಲಾ, ಅಕ್ಕಾ?" ಎಂದಳು, ಅಷ್ಟೇ. ಗೋಳೋ ಎಂದು ಅತ್ತವಳು ನಾನು.

ಆಮೇಲೆ ಅವಳು ಯಾರಿಗಾಗಿಯೂ ಗೋಡೆಗೆ ಕಿವಿಯಿಡಲಿಲ್ಲ. ನನ್ನ ಜೊತೆ ಹಿಟ್ಟು ನಾದುತ್ತಾಳೆ. ಕೆಲಸ ಮುಗಿದೊಡನೆ ಮಾತ್ರ ಆ ಮುಚ್ಚಿದ ಸುರಂಗದ ಬಳಿ ಹೋಗುತ್ತಾಳೆ. ಅಲ್ಲಿ ಈಗ ನಿಜವಾಗಿಯೂ ಹುಳು ಸೇರಿಕೊಂಡಿದೆ. ಬೆರ್ಸಿ ಎಡಗೈಯಲ್ಲಿ ಬಡಿದದ್ದನ್ನು ಆಗಲೇ ಎಲ್ಲಿಂದಲೋ ಕೇಳಿ ಕಲಿತಿರಬೇಕು, ಹಾಗೆಯೇ ಬಡಿಯುತ್ತದೆ. ಯೊರುನ್ ಉತ್ತರ ಬಡಿಯುತ್ತಾಳೆ.

ಒಮ್ಮೆ ರೇಗಿಹೋಗಿ ಅವಳ ರಟ್ಟೆ ಹಿಡಿದೆಳೆದೆ. "ಹುಚ್ಚೀ, ಅದು ಹುಳ ಕಣೇ! ಗೋಡೆ ಒಡ್ಕೊಂಡು ಬಂದ್ರೆ?"

"ಗೊತ್ತು ಅಕ್ಕಾ. ಆದ್ರೆ ಅವನ ಹತ್ರಾನೇ ತಾನೇ ಅದು ಕಲ್ತಿದ್ದು?" ಅವಳು ಸುತ್ತಿಗೆ ಬಿಡಲಿಲ್ಲ. "ಅವತ್ತು ಅವನು ಕರೀತಾನೇ ಇದ್ದ. ನಾನು ಒಂದ್ಸಲಾನೂ ಓ ಅನ್ನಲಿಲ್ಲ."