ದಿನಕ್ಕೆ ನಾಲ್ಕು ನಿಮಿಷ

ನಾಗಲಿಂಗನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಒಂದು ಹಲಗೆ ಗೋಡೆ ಮಾತ್ರ ಇತ್ತು. ಟಿಳಕವಾಡಿಯ ಮೊದಲನೇ ರೈಲ್ವೆ ಗೇಟಿನ ಹತ್ತಿರ ಒಂದೇ ಖೋಲಿಯನ್ನು ನಾವಿಬ್ಬರೂ ಹಂಚಿಕೊಂಡಿದ್ದೆವು. ಈ ಕಡೆ ನನ್ನ ಹೊಲಿಗೆ ಯಂತ್ರ, ಆ ಕಡೆ ಅವನ ವಾಚ್ ರಿಪೇರಿಯ ಗಾಜಿನ ಪೆಟ್ಟಿಗೆ. ಹಲಗೆಗಳ ನಡುವೆ ಹೆಬ್ಬೆರಳು ತೂರುವಷ್ಟು ಸಂದಿ. ಹೀಗಾಗಿ ಅವನ ಅಂಗಡಿಯ ಮಾತು ನನಗೆ ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಿಸುತ್ತಿತ್ತು. ಸರಿಯಾಗಿ ಕೇಳಿಸದಿದ್ದಾಗ ನಾನು ಯಂತ್ರ ನಿಲ್ಲಿಸಿ ಕೇಳುತ್ತಿದ್ದೆ.

ಅವನ ಅಪ್ಪ ಕುರಿ ಕಾಯ್ದವನು, ಕಂಬಳಿ ನೇಯ್ದವನು. ಮಗನಿಗೆ ಕುರಿಗಿಂತ ಕುರಿ ಮಾರಿ ತಂದ ಅಲಾರಾಂ ಗಡಿಯಾರದ ಮೇಲೆಯೇ ಕಣ್ಣು. ಹತ್ತು ವರ್ಷದವನಿದ್ದಾಗ ಅದನ್ನು ಬಿಚ್ಚಿ ಹರವಿ, ಅಪ್ಪನ ಕೈಯಲ್ಲಿ ಏಟು ತಿಂದು, ಅಳುತ್ತಲೇ ಮತ್ತೆ ಜೋಡಿಸಿದನಂತೆ. ಜೋಡಿಸಿದ ಮೇಲೆ ಎರಡು ತಿರುಪು ಉಳಿದವು, ಗಡಿಯಾರ ಮಾತ್ರ ಮೊದಲಿಗಿಂತ ಚೆನ್ನಾಗಿ ನಡೆಯಿತು ಎಂದು ಅವನ ತಾಯಿ ಸಾವಂತ್ರವ್ವ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಆಮೇಲೆ ಮಿಲಿಟರಿ ಕ್ಯಾಂಪಿನ ಪೇಟೆಯಲ್ಲಿ ಒಬ್ಬ ಮುದುಕ ಉಸ್ತಾದನ ಕೈಕೆಳಗೆ ಆರು ವರ್ಷ ಕೂತು ಕಸಬು ಕಲಿತ. ೧೯೭೮ರಲ್ಲಿ ನನ್ನ ಬಾಜುಕ್ಕೆ ಬಂದು ಕೂತ.

ಮೊದಲ ನಾಲ್ಕು ವರ್ಷ ನಮ್ಮಿಬ್ಬರ ನಡುವೆ ಒಂದು ಜಗಳವೂ ಇರಲಿಲ್ಲ. ಆಮೇಲೆ ಊರಿಗೆ ಕ್ವಾರ್ಟ್ಜ್ ವಾಚು ಬಂತು. ಚಾವಿ ಕೊಡಬೇಕಾಗಿಲ್ಲ, ಒಳಗೊಂದು ಅವರೆಕಾಳಿನಷ್ಟು ಸೆಲ್ಲು, ತಿಂಗಳಿಗೆ ಹೆಚ್ಚೆಂದರೆ ಅರ್ಧ ನಿಮಿಷದ ವ್ಯತ್ಯಾಸ. ನಾಗಲಿಂಗನಿಗೆ ಅದರ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಅದನ್ನು ಕಟ್ಟಿಕೊಂಡು ಯಾರಾದರೂ ಅಂಗಡಿಯ ಮುಂದೆ ಹಾಯ್ದರೆ ಸಾಕು, ಕರೆದು ಕೂರಿಸಿ ಭಾಷಣ ಸುರು. ಚಾವಿ ವಾಚಿಗೆ ಜೀವವಿದೆ, ದಿನಾ ಬೆಳಿಗ್ಗೆ ಮನುಷ್ಯನ ಕೈ ಹತ್ತಿದರೇ ಅದು ನಡೆಯುವುದು. ಬಿಚ್ಚಿದರೆ ಪ್ರತಿಯೊಂದು ಹಲ್ಲುಚಕ್ರವೂ ಕಣ್ಣಿಗೆ ಕಾಣುತ್ತದೆ, ಕೆಟ್ಟದ್ದು ಯಾವುದು ಎಂದು ಅದೇ ಹೇಳುತ್ತದೆ. ಅಜ್ಜನ ವಾಚು ಮೊಮ್ಮಗನೂ ಕಟ್ಟಬಹುದು. ಕ್ವಾರ್ಟ್ಜ್ ಏನು, ಸೆಲ್ಲು ತೀರಿತೋ ಹೆಣ.

ನಾನು ಬೇಕೆಂದೇ ಕ್ವಾರ್ಟ್ಜಿನ ಪರ ವಾದಿಸುತ್ತಿದ್ದೆ. ಮದುವೆಯ ಸೀಸನ್ನಿನಲ್ಲಿ ಮೂರು ದಿನ ಚಾವಿ ಕೊಡುವುದು ಮರೆತು, ಗಿರಾಕಿಗೆ ಹೇಳಿದ ಹೊತ್ತಿಗೆ ಕೋಟು ಕೊಡಲಾಗದೆ ಬೈಸಿಕೊಂಡವನು ನಾನು. ಮರೆಯುವವರಿಗಾಗಿಯೇ ದೇವರು ಅದನ್ನು ಕಳಿಸಿದ್ದಾನೆ ಎನ್ನುತ್ತಿದ್ದೆ. ಅವನು ಭೂತಗನ್ನಡಿ ಸಿಕ್ಕಿಸಿಕೊಂಡ ಒಂದೇ ಕಣ್ಣಿನಿಂದ ಸಂದಿಯಲ್ಲಿ ನನ್ನನ್ನು ನೋಡುತ್ತಿದ್ದ.

ಮಾಯಕ್ಕ ಮೊದಲ ಸಲ ಬಂದದ್ದು ೧೯೮೪ರ ಚಳಿಗಾಲದಲ್ಲಿ. ಖಾನಾಪುರದ ದವಾಖಾನೆಯಲ್ಲಿ ನರ್ಸು. ಮೊದಲ ಪಗಾರದಲ್ಲಿ ಕೊಂಡ ಎಚ್‌ಎಂಟಿ ವಾಚು ಸೂಜಿ ಕುದಿಸುವ ಪಾತ್ರೆಯಲ್ಲಿ ಬಿದ್ದಿತ್ತು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಕಾಯಿಲೆಯ ಕೂಸನ್ನು ತಂದಂತೆ ತಂದಿದ್ದಳು. ರೋಗಿಯ ನಾಡಿ ಎಣಿಸುವ ವಾಚು ಇದು, ಹೆಚ್ಚುಕಡಿಮೆ ಆಗಬಾರದು ಎಂದು ಸ್ಪಷ್ಟವಾಗಿ ಹೇಳಿದಳು. ನಾಗಲಿಂಗ ನಾಲ್ಕು ದಿನ ಬೇರೆ ಯಾವ ವಾಚನ್ನೂ ಮುಟ್ಟಲಿಲ್ಲ. ಒಂದೊಂದು ಭಾಗವನ್ನೂ ತೊಳೆದು, ಒಣಗಿಸಿ, ಎಣ್ಣೆ ಕೊಟ್ಟು ಮತ್ತೆ ನಡೆಸಿದ.

ಹದಿನೈದು ದಿನ ಬಿಟ್ಟು ಅವಳು ವಾಚಿನ ಪಟ್ಟಿ ಬದಲಿಸಲು ಬಂದಳು. ದಿನಾ ಸಂಜೆ ಧಾರವಾಡ ರೇಡಿಯೋದ ವಾರ್ತೆಗೆ ಮುಂಚೆ ಪೀಂ ಪೀಂ ಎನ್ನುವಾಗ ಅದರ ವೇಳೆಗೆ ಹಚ್ಚಿ ನೋಡಿದ್ದಾಗಿಯೂ, ವಾಚು ಒಂದು ನಿಮಿಷವೂ ಅತ್ತಿತ್ತ ಆಗಿಲ್ಲವೆಂದೂ, ಅವನ ಕೈಗುಣ ಬಹಳ ಛಲೋ ಎಂದೂ ಹೇಳಿ ನಕ್ಕಳು. ಆ ನಗು ಅವನಿಗೆ ಎಲ್ಲಿ ನಾಟಿತೋ. ಒಮ್ಮೆ ಒಳಗೆ ನೋಡಿಬಿಡುತ್ತೇನೆ ಎಂದು ವಾಚಿನ ಬೆನ್ನು ಬಿಚ್ಚಿದ. ಚಾವಿ ವಾಚಿನ ಒಳಗೆ ಒಂದು ಸಣ್ಣ ಕಡ್ಡಿ ಇರುತ್ತದೆ. ಒಂದು ಕಡೆ ಸರಿಸಿದರೆ ವಾಚು ಮುಂದೆ ಓಡುತ್ತದೆ, ಇನ್ನೊಂದು ಕಡೆ ಸರಿಸಿದರೆ ಹಿಂದೆ ಬೀಳುತ್ತದೆ. ಅವನ ಚಿಮಟ ಆ ಕಡ್ಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದ್ದನ್ನು ನಾನು ಸಂದಿಯಿಂದ ನೋಡಿದೆ.

ಆವತ್ತಿನಿಂದ ವಾಚು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳತೊಡಗಿತು. ಆವತ್ತಿನಿಂದ ಮಾಯಕ್ಕ ಹದಿನೈದು ದಿನಕ್ಕೊಮ್ಮೆ, ತನ್ನ ರಜೆಯ ಗುರುವಾರ, ಖಾನಾಪುರದಿಂದ ಗಾಡಿ ಹತ್ತಿ ಬರತೊಡಗಿದಳು.

ಒಂದು ದಿನ ಅವನನ್ನು ಹಿಡಿದು ಕೇಳಿದೆ. ಇಡೀ ಪೇಟೆಯಲ್ಲಿ ನಿಯತ್ತಿನ ಮನುಷ್ಯ ಎಂದು ಹೆಸರಾದವನು, ಇದೇನು ಕಳ್ಳಕೆಲಸ? ರೋಗಿಗಳ ಗತಿ ಏನು? ಅವನು ಅದನ್ನೂ ಯೋಚಿಸಿದ್ದ. ಇಡೀ ದಿನಕ್ಕೆ ನಾಲ್ಕು ನಿಮಿಷವೆಂದರೆ ಒಂದು ನಿಮಿಷದ ನಾಡಿಗೆ ಏನೂ ಧಕ್ಕೆಯಿಲ್ಲವೆಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದ:

“ಮತ್ತ ಬರ್ರಿ ಅನ್ನಾಕ ನನಗ ಬಾಯಿ ಬರೂದಿಲ್ಲ ಕಾಕಾ. ಅದಕ್ಕ ವಾಚಿನ ಕಡಿಂದ ಹೇಳಸತೀನಿ.”

ಇಂಥವನಿಗೆ ಏನು ಹೇಳುವುದು. ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು, ನೀನು ಸುಗ್ಗಿಯಲ್ಲೂ ಉಪವಾಸ ಸಾಯುವವನು ಎಂದು ಬೈದೆ. ಅವಳದು ಸರಕಾರಿ ನೌಕರಿ, ತನ್ನದು ಅರ್ಧ ಖೋಲಿ ಎಂದು ಅವನ ಅಳುಕು. ಮಾಯಕ್ಕ ಬಂದು “ಮತ್ತ ಹಿಂದ ಬಿದ್ದೈತ್ರಿ” ಎಂದಾಗಲೆಲ್ಲ ಅವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ. ವಾಚು ಬಿಚ್ಚುವುದು, ಊದುವುದು, ಮುಚ್ಚುವುದು. ಅಷ್ಟರಲ್ಲಿ ಅರ್ಧ ತಾಸು ಮಾತು. ಮಾತೆಂದರೆ ಏನು, ಹಲ್ಲುಚಕ್ರದ ವಿಚಾರ, ಸ್ಪ್ರಿಂಗ್ ಕಮಾನಿನ ವಿಚಾರ, ಕಡ್ಡಿಯ ವಿಚಾರ, ಕ್ವಾರ್ಟ್ಜಿಗೆ ಶಾಪ. ಆ ಹುಡುಗಿ ಗಲ್ಲಕ್ಕೆ ಕೈಕೊಟ್ಟು ಎಲ್ಲ ಕೇಳುತ್ತಿದ್ದಳು. ಒಂದು ವರ್ಷ ಹೀಗೇ ನಡೆಯಿತು. ನನ್ನ ತಲೆಗಂತೂ ಒಂದು ವಿಷಯ ಹೊಳೆದಿತ್ತು, ಅವನಿಗೆ ಹೊಳೆದಿರಲಿಲ್ಲ: ಖಾನಾಪುರದಲ್ಲೇನು ವಾಚ್ ರಿಪೇರಿಯವರು ಇರಲಿಲ್ಲವೇ?

ಅತ್ತ ಸಾವಂತ್ರವ್ವ ಸುಮ್ಮನಿರುವ ಹೆಂಗಸಲ್ಲ. ಮಗನಿಗೆ ಇಪ್ಪತ್ತೊಂಬತ್ತು ತುಂಬಿತೆಂದು ಪಕ್ಕದ ಮಚ್ಛೆ ಹಳ್ಳಿಯಲ್ಲಿ ಒಂದು ಹೆಣ್ಣು ಗೊತ್ತುಮಾಡಿ, ನೋಡಲು ಹೋಗುವ ಮಾತು ತೆಗೆದಳು. ನಾಗಲಿಂಗ ಅಂಗಡಿಗೆ ಓಡಿ ಬಂದ. ಬರುವ ಗುರುವಾರ ಮಾಯಕ್ಕನಿಗೆ ಹೇಳಿಯೇ ತೀರುತ್ತೇನೆ ಎಂದು ನನ್ನ ಮುಂದೆ ಮಾತು ಕೊಟ್ಟ.

ಆ ಗುರುವಾರ ಮಾಯಕ್ಕನ ಕೈಯಲ್ಲಿ ಹೊಳೆಯುವ ಕ್ವಾರ್ಟ್ಜ್ ವಾಚು. ಮಿಲಿಟರಿಯಲ್ಲಿದ್ದ ಅವಳ ಅಣ್ಣ ಭರಮಪ್ಪ ಸೂಟಿಯ ಮೇಲೆ ಊರಿಗೆ ಬಂದಾಗ ಅಲ್ಲಿನ ಕ್ಯಾಂಟೀನಿನಿಂದ ತಂದುಕೊಟ್ಟಿದ್ದ. ಅದನ್ನು ಬಿಚ್ಚಿ ಗಾಜಿನ ಪೆಟ್ಟಿಗೆಯ ಮೇಲಿಟ್ಟಳು. ಪಕ್ಕದಲ್ಲಿ ಹಳೆಯ ಎಚ್‌ಎಂಟಿಯನ್ನೂ ಇಟ್ಟಳು.

“ಖರೇ ಹೇಳ್ರಿ,” ಅಂದಳು. “ಯಾವುದು ಛಲೋ?”

ನಾನು ಯಂತ್ರ ನಿಲ್ಲಿಸಿದೆ. ಈಗ ಸುರುವಾಗುತ್ತದೆ ಭಾಷಣ, ಕ್ವಾರ್ಟ್ಜಿನ ಮಾನ ಹರಾಜಾಗುತ್ತದೆ, ಇವನ ಬಾಳು ಉಳಿಯುತ್ತದೆ ಎಂದುಕೊಂಡೆ. ನಾಗಲಿಂಗ ಎರಡೂ ವಾಚುಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ನೋಡಿದ.

“ನಿಮ್ಮ ಕೆಲಸಕ್ಕ ಇದ ಛಲೋರಿ,” ಎಂದು ಕ್ವಾರ್ಟ್ಜನ್ನು ಅವಳ ಕಡೆ ಸರಿಸಿದ.

ಮೂರು ವರ್ಷದಿಂದ ಯಾರ ಮುಂದೆಯೂ ಒಪ್ಪಿಕೊಳ್ಳದ್ದನ್ನೆಲ್ಲ ಆಮೇಲೆ ಒಂದೊಂದಾಗಿ ಒಪ್ಪಿಕೊಂಡ. ಸೆಕೆಂಡಿನ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ, ನಾಡಿ ಎಣಿಸಲು ಕಣ್ಣಿಗೆ ಸುಲಭ. ನಸುಕಿನ ಡ್ಯೂಟಿಗೆ ಓಡುವಾಗ ಚಾವಿ ಮರೆತರೂ ನಿಲ್ಲುವುದಿಲ್ಲ. ಬಿದ್ದರೆ ಕಮಾನು ಮುರಿಯುವ ಹೆದರಿಕೆ ಕಡಿಮೆ. ಸೊಂಟ ಬಗ್ಗಿಸಿ ದುಡಿಯುವವರಿಗೆ ಒಂದು ಚಿಂತೆಯಾದರೂ ತಪ್ಪುತ್ತದೆ. ಹೇಳುತ್ತ ಹೇಳುತ್ತ ಹಳೆಯ ವಾಚಿನ ಬೆನ್ನು ಬಿಚ್ಚಿ, ಆ ಕಡ್ಡಿಯನ್ನು ಇದ್ದ ಜಾಗಕ್ಕೆ ತಂದು, ಮುಚ್ಚಿ, ಒರೆಸಿ ಕೊಟ್ಟ.

“ಹಂಗಾರ ಇದಕ್ಕ ರಿಪೇರಿನ ಬರೂದಿಲ್ಲೇನ್ರಿ?” ಎಂದು ಅವಳು ಕೇಳಿದಳು.

“ಎರಡು ವರ್ಷಕ್ಕೊಮ್ಮೆ ಸೆಲ್ ಬದಲಿಸಿದ್ರ ಮುಗೀತ್ರಿ. ಅದನ್ನ ಖಾನಾಪುರದಾಗೂ ಹಾಕಿ ಕೊಡತಾರ.”

“ಎರಡು ವರ್ಷ,” ಎಂದು ಮಾಯಕ್ಕ ತನಗೇ ಹೇಳಿಕೊಂಡಳು. ಎರಡೂ ವಾಚುಗಳನ್ನು ತೆಗೆದುಕೊಂಡು ಹೋದಳು. ನಾನು ಸಿಟ್ಟಿನಲ್ಲಿ ಯಂತ್ರ ತುಳಿದು ಬೆರಳಿಗೆ ಸೂಜಿ ಚುಚ್ಚಿಸಿಕೊಂಡೆ. ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ ಕಾಕಾ, ಕಷ್ಟದ ಕೆಲಸ ಅವಳದು ಎಂದ ನಾಗಲಿಂಗ. ಒಂದು ವರ್ಷ ಸುಳ್ಳು ಹೇಳಿದವನಿಗೆ ನಿಯತ್ತು ನೆನಪಾಗಲು ಅದೇ ದಿನ ಬೇಕಿತ್ತೇ?

ಮುಂದಿನ ಗುರುವಾರಗಳು ಬಂದವು, ಮಾಯಕ್ಕ ಬರಲಿಲ್ಲ. ಒಂದು ತಿಂಗಳು ನಾಗಲಿಂಗ ಯಾರೊಂದಿಗೂ ವಾದ ಮಾಡಲಿಲ್ಲ. ಕ್ವಾರ್ಟ್ಜ್ ಕಟ್ಟಿದವರು ಬೇಕೆಂದೇ ಅಂಗಡಿಯ ಮುಂದೆ ಎರಡೆರಡು ಸಲ ಅಡ್ಡಾಡಿ, ಇವನಿಗೇನಾಯಿತೆಂದು ನನ್ನನ್ನು ಕೇಳಿ ಹೋದರು. ನನಗೂ ಬೇಸರ ಬಂತು. ಜಗಳವಿಲ್ಲದ ಬಾಜೂದವನು ಎಂಥ ಬಾಜೂದವನು? ಸಾವಂತ್ರವ್ವ ಮಚ್ಛೆಗೆ ಹೋಗುವುದು ಬರುವ ಐತವಾರವೇ ಎಂದು ನಿಕ್ಕಿ ಮಾಡಿ, ಮಗನಿಗೆ ಹೊಸ ಅಂಗಿ ಹೊಲಿಯಲು ನನ್ನ ಮುಂದೆಯೇ ಬಟ್ಟೆ ತಂದಿಟ್ಟಳು. ನೀಲಿ ಗೆರೆಯ ಬಟ್ಟೆ. ಅಳತೆ ತೆಗೆಯುವಾಗ ನಾಗಲಿಂಗ ಗೂಟದ ಹಾಗೆ ನಿಂತಿದ್ದ.

ಗುರುವಾರ ಅದರ ಕಾಲರು ಕೂಡಿಸುತ್ತಿದ್ದೆ. ಬಾಗಿಲಲ್ಲಿ ಮಾಯಕ್ಕ.

“ಇದು ನಿಂತೈತ್ರಿ,” ಎಂದು ಕ್ವಾರ್ಟ್ಜನ್ನು ಪೆಟ್ಟಿಗೆಯ ಮೇಲಿಟ್ಟಳು.

ನಾಗಲಿಂಗನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಎರಡು ವರ್ಷ ನಡೆಯುತ್ತದೆ ಎಂದದ್ದು ಒಂದೇ ತಿಂಗಳಿಗೆ ನಿಂತಿತ್ತು. ಭೂತಗನ್ನಡಿ ಸಿಕ್ಕಿಸಿಕೊಂಡ, ತಿರುಗಿಸಿ ನೋಡಿದ. ಆಮೇಲೆ ಭೂತಗನ್ನಡಿ ತೆಗೆದಿಟ್ಟ. ಅದನ್ನು ಕಾಣಲು ಭೂತಗನ್ನಡಿ ಬೇಕಿರಲಿಲ್ಲ. ಮುಳ್ಳು ತಿರುಗಿಸುವ ಬದಿಯ ಗುಂಡಿ ಹೊರಗೆ ಎಳೆದಿತ್ತು. ಅದನ್ನು ಎಳೆದರೆ ಕ್ವಾರ್ಟ್ಜ್ ವಾಚು ನಿಲ್ಲುತ್ತದೆ, ಒತ್ತಿದರೆ ನಡೆಯುತ್ತದೆ. ಕಟ್ಟಿಕೊಂಡ ಮೂರನೆಯ ದಿನಕ್ಕೆ ಯಾರಿಗಾದರೂ ತಿಳಿಯುವ ಸಂಗತಿ.

ಅವನು ಒತ್ತಿದ. ಮುಳ್ಳು ಹೆಜ್ಜೆ ಇಡತೊಡಗಿತು.

“ನರ್ಸ್ ಬಾಯಾರ, ಇದರ ಗುಂಡಿ ಹೊರಗ ಎಳದೈತ್ರಿ.”

“ಹೌದ್ರಿ. ನಾನ ಎಳದೀನಿ.”

“ಯಾಕ್ರಿ?”

“ನೀವು ಕಡ್ಡಿ ಹಿಂದ ಸರಸತಿದ್ರಲ್ಲ, ಅದಕ್ಕ.”

ನನ್ನ ಕೈಯಲ್ಲಿದ್ದ ಕಾಲರು ಕೆಳಗೆ ಬಿತ್ತು. ಮಾಯಕ್ಕ ನಿಧಾನವಾಗಿ, ರೋಗಿಗೆ ಔಷಧಿ ವಿವರಿಸುವಂತೆ ವಿವರಿಸಿದಳು. ಹಳೆಯ ವಾಚು ಹಿಂದೆ ಬೀಳತೊಡಗಿ ಒಂದು ತಿಂಗಳೂ ಆಗುವ ಮೊದಲೇ ಅವಳಿಗೆ ತಿಳಿದಿತ್ತು. ದಿನಾ ರೇಡಿಯೋಕ್ಕೆ ಹಚ್ಚಿ ನೋಡುತ್ತಿದ್ದಳಲ್ಲ. ನಾಲ್ಕು ನಿಮಿಷವೆಂದರೆ ನಾಲ್ಕೇ ನಿಮಿಷ, ಒಂದು ದಿನವೂ ಮೂರಿಲ್ಲ, ಒಂದು ದಿನವೂ ಐದಿಲ್ಲ.

“ಕೆಟ್ಟ ವಾಚು ಇಷ್ಟು ನಿಯತ್ತಿಲೆ ಹಿಂದ ಬೀಳೂದಿಲ್ರಿ,” ಅಂದಳು. “ಖಾನಾಪುರದಾಗ ವಾಚ್ ರಿಪೇರಿ ಅಂಗಡಿ ಎರಡು ಅದಾವು. ನಾ ಇಲ್ಲಿಗೆ ಬಂದೆ.”

ಅಲ್ಲಿಯವರೆಗೆ ನಗುತ್ತಲೇ ಇದ್ದವಳ ದನಿ ಸ್ವಲ್ಪ ತಗ್ಗಿತು. ಹೋದ ಸಲ ಮನೆಗೆ ಹೋಗಿ ಹಳೆಯ ವಾಚನ್ನು ರೇಡಿಯೋಕ್ಕೆ ಹಚ್ಚಿ ನೋಡಿದಳಂತೆ. ಮರುದಿನವೂ ನೋಡಿದಳಂತೆ.

“ಬರೋಬ್ಬರಿ ನಡ್ಯಾಕ ಹತ್ತಿತ್ತು. ನೀವು ಕರಿಯೂದು ಬಿಟ್ರಿ ಅಂತ ತಿಳೀತು. ಅತ್ತುಬಿಟ್ಟೆ.”

ನಾಗಲಿಂಗನ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆದರೂ ಆ ಮನುಷ್ಯ ಕ್ವಾರ್ಟ್ಜಿನ ಗಾಜು ಒರೆಸುತ್ತಲೇ ಕೂತ. ನಾನು ಹಲಗೆಯನ್ನು ಗುದ್ದಿದೆ. ಬೆಚ್ಚಿಬಿದ್ದು, ಒಂದೇ ಉಸಿರಿನಲ್ಲಿ ಕೇಳಿದ:

“ಐತವಾರ ನಮ್ಮ ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ಲೇನ್ರಿ?”

“ಕಾಕಾನ್ನೂ ಕರಕೊಂಡು ಬರ್ರಿ,” ಎಂದಳು ಮಾಯಕ್ಕ, ಸಂದಿಯ ಕಡೆ ನೋಡಿ. “ಎಲ್ಲಾ ಅವರೂ ಕೇಳ್ಯಾರ.”

ಸಾವಂತ್ರವ್ವನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಹುಡುಗಿಯ ಹೆಸರು ಮಾಯಕ್ಕ ಎಂದು ಕೇಳಿದೊಡನೆ, ತಮ್ಮ ಮನೆದೇವರ ಹೆಸರೂ ಅದೇ, ದೇವರೇ ಸೊಸೆಯಾಗಿ ಬರುತ್ತೇನೆಂದರೆ ತಾನ್ಯಾರು ಬೇಡ ಎನ್ನಲಿಕ್ಕೆ ಎಂದು ಕೈ ಮುಗಿದಳು. ಮಚ್ಛೆಗೆ ಅವಳೇ ಹೋಗಿ ವಿನಯದಿಂದ ಹೇಳಿ ಬಂದಳು. ನಾನು ಅಂಗಿಯ ಗುಂಡಿಗಳನ್ನು ಎರಡೆರಡು ಸಲ ಬಿಗಿದು ಹೊಲಿದೆ.

ಐತವಾರ ಬೆಳಿಗ್ಗೆ ನಾವು ಸ್ಟೇಶನ್ನಿಗೆ ಹೋದೆವು. ಇಡೀ ಟಿಳಕವಾಡಿಗೆ ವೇಳೆ ತಿದ್ದಿಕೊಡುವವನು, ಎರಡು ವಾಚು ಕಟ್ಟಿಕೊಂಡವನು, ನಮ್ಮನ್ನು ಗಾಡಿಗೆ ಒಂದೂವರೆ ತಾಸು ಮೊದಲೇ ಕರೆದುಕೊಂಡು ಹೋಗಿ ಕಲ್ಲಿನ ಬಾಕಿನ ಮೇಲೆ ಕೂರಿಸಿದ್ದ. ಸಾವಂತ್ರವ್ವ ಬುತ್ತಿ ಬಿಚ್ಚಿ ಅಲ್ಲೇ ಅರ್ಧ ರೊಟ್ಟಿ ಮುಗಿಸಿದಳು. ಇದಕ್ಕಿಂತ ಕ್ವಾರ್ಟ್ಜ್ ಕೊಂಡಿದ್ದರೆ ಇನ್ನೊಂದು ತಾಸು ಮಲಗಬಹುದಿತ್ತಲ್ಲ ಎಂದು ನಾನು ಕೆಣಕಿದೆ. ಅವನಿಗೆ ಕೇಳಿಸಲೇ ಇಲ್ಲ.

ಖಾನಾಪುರದಲ್ಲಿ ಇಳಿದಾಗ ಮಾಯಕ್ಕ ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ನಿಂತಿದ್ದಳು. ಹಸಿರು ಇಳಕಲ್ ಸೀರೆ, ಇಸ್ತ್ರಿಯ ಮಡಿಕೆ ಆಗಲೇ ಮುದುಡಿತ್ತು. ಹಣೆಯಲ್ಲಿ ಬೆವರು, ಕೈಯಲ್ಲಿ ಹಿಡಿದ ಮಲ್ಲಿಗೆ ಮಾಲೆ ಬಾಡಿ ಬಗ್ಗಿತ್ತು. ಅವಳೂ ಬಹಳ ಹೊತ್ತಿನಿಂದ ಅಲ್ಲೇ ನಿಂತಿದ್ದಳೆಂದು ತಿಳಿಯಲು ದರ್ಜಿಯೇ ಆಗಬೇಕಿಲ್ಲ.

ನಾಗಲಿಂಗ ಅವಳ ಹತ್ತಿರ ಹೋಗಿ, ಬಂದು ಎಷ್ಟೊತ್ತಾಯಿತೆಂದು ಕೇಳಿದ. ಅವಳ ಎಡಗೈಯಲ್ಲಿ ಕ್ವಾರ್ಟ್ಜ್ ಇತ್ತು, ಬಲಗೈಯಲ್ಲಿ ಹಳೆಯ ಎಚ್‌ಎಂಟಿ.

“ವಾಚು ನೋಡೇ ಇಲ್ರಿ,” ಎಂದಳು ಮಾಯಕ್ಕ.